ಗಾರೆ ಮೆತ್ತಿದ ಗೋರಿ

ತಿಪಾಸಾ ಊರಿನ ಸ್ಮಶಾನದ ಬಾಗಿಲಲ್ಲಿ ಹಣತೆ ಮಾರುವ ರೆಸ್ಟೂತನಿಗೆ ಅಂದು ಗಿರಾಕಿಗಳಿರಲಿಲ್ಲ, ಹಾಗಾಗಿ ಕಿವಿಯೆಲ್ಲ ಎದುರಿನ ಗೋರಿಯ ಕಡೆಗಿತ್ತು. ಅಲ್ಲಿ ನಮ್ಗಿದ್ದೆ ಎಂಬ ಮುದುಕಿ, ಅವಳ ಸೊಸೆ ಡೊನಾಟಾ ದ್ರಾಕ್ಷಾರಸದ ಹೂಜಿ ಹಿಡಿದು ನಿಂತಿದ್ದರು. ಸತ್ತವರಿಗೆ ಅದನ್ನು ಎರೆಯಲೆಂದು ಗೋರಿಯ ಕಲ್ಲಿನಲ್ಲಿ ಬಿಟ್ಟಿದ್ದ ತೂತಿಗೆ ಯಾರೋ ಗಾರೆ ಮೆತ್ತಿದ್ದರು.

“ಇದ್ಯಾರೇ ನನ್ನ ಮಗನ ಬಾಯಿ ಮುಚ್ಚಿದೋರು?”

“ಬಿಷಪ್ಪರ ಅಪ್ಪಣೆ, ಅತ್ತೆ. ಎರೆಯೋದು ಹಳೇ ದೇವರುಗಳ ಕಾಲದ ಪದ್ಧತಿಯಂತೆ. ಕ್ರಿಸ್ತನ ಹತ್ರ ಹೋದೋರಿಗೆ ಬಾಯಾರಿಕೆ ಆಗಲ್ವಂತೆ.”

“ಅವರು ಹೋಗಿ ನೋಡ್ಕೊಂಡು ಬಂದಿದಾರಾ?”

“ಮೆಲ್ಲಗೆ ಮಾತಾಡಿ.”

“ಅವರಮ್ಮನ್ನೂ ಇಲ್ಲೇ ಅಲ್ವಾ ಹೂಳಿರೋದು? ಆ ಗೋರಿಗೆ ಮೆತ್ತಲಿ ನೋಡೋಣ.”

“ಮೊದಲು ಅದಕ್ಕೇ ಮೆತ್ತಿದ್ದು. ತಾವೇ ಕೈಯಾರೆ ಮೆತ್ತಿದ್ರಂತೆ.”

ನಮ್ಗಿದ್ದೆ ಮಗನ ಕಲ್ಲಿನ ಮೇಲೆ ಅರ್ಧ ಹೂಜಿ ಸುರಿದಳು. ಅದು ಒಳಗಿಳಿಯದೆ ಅಂಚಿನಿಂದ ಹರಿದು ಮರಳು ಸೇರಿತು. ಉಳಿದರ್ಧ ಹಿಡಿದು, ಕಡಲಿನ ಕಡೆಗಿದ್ದ ಬಿಷಪ್ಪರ ತಾಯಿಯ ಗೋರಿಯತ್ತ ಹೊರಟಳು.

“ಮನೆ ದಾರಿ ಈ ಕಡೆ, ಅತ್ತೆ.”

“ಗೊತ್ತು ಕಣೇ. ನನ್ನ ಮಗನಿಗೆ ನಾನಿದೀನಿ. ಆ ತಾಯಿಗೆ ಯಾರಿದಾರೆ?”