ಹೊರಗಿನ ಅಗುಳಿ

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಡಲಿಲ್ಲ. ಯುದ್ಧದ ಸ್ಮಾರಕಗಳನ್ನೆಲ್ಲ ಒಂದೊಂದಾಗಿ ನೋಡುತ್ತ ಎರಡು ದಿನದಿಂದ ಕಡಲತೀರ ಹಿಡಿದು ಬರುತ್ತಿದ್ದ ಪ್ರವಾಸದ ಬಸ್ಸು ಕೊನೆಯ ಮ್ಯೂಸಿಯಂ ತಲುಪುವಷ್ಟರಲ್ಲಿ ಹಿಂದಿನ ಸೇತುವೆಯ ಮೇಲೆ ನೀರು ಹತ್ತಿತ್ತು, ಮುಂದಿನ ರಸ್ತೆಗೆ ಮಣ್ಣು ಕುಸಿದಿತ್ತು. ಹದಿನಾಲ್ಕು ಪ್ರವಾಸಿಗಳು ಮತ್ತು ಡ್ರೈವರು ಟಿಕೆಟ್ ಕೋಣೆಯೊಳಗೆ ನುಗ್ಗಿ, ಒದ್ದೆ ಬಟ್ಟೆಯಲ್ಲೇ ಬೆಂಚು ಹಿಡಿದರು. ಕರೆಂಟು ಹೋಯಿತು. ಎಂಬತ್ತು ದಾಟಿದ ಟಿಕೆಟ್ ಅಜ್ಜಿ ಒಂದು ದೀಪ ಹಚ್ಚಿ, ಎಲ್ಲರ ಕೈಗೂ ಬಿಸಿ ಚಹಾ ಕೊಟ್ಟು, ತನ್ನ ಸ್ಟೂಲಿನ ಮೇಲೆ ಕೂತಳು.

ಪ್ರವಾಸಿಗಳಲ್ಲೊಬ್ಬರು ಇತಿಹಾಸದ ಮೇಷ್ಟ್ರು. ಅವರು ಬಾಗಿಲಾಚೆಯ ಗುಡ್ಡದತ್ತ ಕೈ ತೋರಿಸಿ, "ಅದೇ ಬಂಕರು. ಒಂಬತ್ತು ಜನ ಕೊನೇ ಗುಂಡಿನ ತನಕ ಹೋರಾಡಿ ಸತ್ತ ಜಾಗ. ಬೋರ್ಡಿನಲ್ಲಿ ಬರೆದಿದೆ," ಅಂದರು.

ಅಜ್ಜಿ ನಕ್ಕಳು. "ಬೋರ್ಡು ಬರೆದವರು ಒಳಗಿದ್ರಾ ಮೇಷ್ಟ್ರೇ?"

ಅಜ್ಜಿ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ಶುರುಮಾಡಿದಳು.

ಕೇಳ್ರಪ್ಪಾ. ನಮ್ಮೆಜಮಾನ್ರು ಬೀಗ ರಿಪೇರಿ ಮಾಡೋರು. ಈ ತೀರದಲ್ಲಿ ಅವರ ಕೈಗೆ ಬಗ್ಗದ ಬೀಗ ಇರಲಿಲ್ಲ, ಕಿವಿ ಇಟ್ಟು ಕೇಳಿದ್ರೆ ಸಾಕು, ಒಳಗೆ ಯಾವ ಹಲ್ಲು ಮುರಿದಿದೆ ಅಂತ ಹೇಳೋರು. ಮನುಷ್ಯ ಮಾತ್ರ ಮೂಗ ಇದ್ದಂಗೆ... ಊರಿನ ಬೀಗ ಎಲ್ಲ ತೆಗೆಯೋರು ತಮ್ಮ ಬಾಯಿಗೆ ಹಾಕಿದ್ದನ್ನ ಮಾತ್ರ ತೆಗೀತಿರಲಿಲ್ಲ ಅಂತ ನಾನೇ ರೇಗಿಸ್ತಿದ್ದೆ. ಅದಕ್ಕೆ ಕಾರಣ ಇತ್ತು. ಆ ಒಂಬತ್ತು ಜನರಲ್ಲಿ ಒಬ್ಬ ಅವರ ಸ್ವಂತ ಅಣ್ಣ, ನನಗೆ ಭಾವ ಆಗಬೇಕು. ಯುದ್ಧ ನಡೆದಾಗ ಭಾವನಿಗೆ ಇಪ್ಪತ್ತೆರಡು, ಇವರಿಗೆ ಹದಿನಾಲ್ಕು. ಅಪ್ಪ ಇಲ್ಲದ ಮನೇಲಿ ಎತ್ತಿ ಆಡಿಸಿ ಬೆಳೆಸಿದ್ದು ಆ ಅಣ್ಣನೇ.

ಆ ಬಂಕರಿನ ಅಧಿಕಾರಿಯಾಗಿದ್ದೋನನ್ನ ಆಮೇಲೆ ಊರೆಲ್ಲ ಪದಕದ ಸಾಹೇಬ್ರು ಅಂತ ಕರೀತಿತ್ತು. ಒಂಬತ್ತು ಜನರೂ ಹೋದ್ರು, ಅವನೊಬ್ಬ ಉಳಿದ. ಅವನು ಹೇಳಿದ ಕತೆ ಏನು? ಕೊನೇ ಗುಂಡಿನ ತನಕ ಹೋರಾಡಿದ್ವಿ, ಆಗ ಶತ್ರುಗಳ ಹಡಗಿಂದ ಬಂದ ಶೆಲ್ಲು ಬಿತ್ತು, ಹುಡುಗರು ಒಂದೇ ಕ್ಷಣದಲ್ಲಿ ಸತ್ರು, ಗುಡ್ಡ ಕುಸಿದು ಬಾಗಿಲು ಮುಚ್ಚಿಹೋಯ್ತು, ತಾನು ಹೊರಗೆ ದುರ್ಬೀನು ಹಿಡಿದು ನಿಂತಿದ್ದಕ್ಕೆ ಬದುಕಿದೆ ಅಂತ. ಅದಕ್ಕೇ ಎದೆ ಮೇಲೆ ಪದಕ, ದೊಡ್ಡ ಮನೆ, ಕಂಡಕಂಡಲ್ಲಿ ನಮಸ್ಕಾರ. ನಮ್ಮತ್ತೆ ಸಾಯೋ ತನಕ ಅವನ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಳ್ತಿದ್ರು. ಮಗ ನೋವಿಲ್ಲದೆ ಹೋದ ಅಂತ ಹೇಳಿದೋನಲ್ವಾ...

ಇಪ್ಪತ್ತಾರು ವರ್ಷ ಆದಮೇಲೆ ಈ ಮ್ಯೂಸಿಯಂ ಕಟ್ಟಿದ್ರು. ಗುಡ್ಡ ಅಗೆದು, ಬಂಕರು ತೆಗೆದು, ಜನಕ್ಕೆ ತೋರಿಸಬೇಕು ಅಂತಾಯ್ತು. ಮಣ್ಣು ತೆಗೆದಾಗ ಉಕ್ಕಿನ ಬಾಗಿಲು ಸಿಕ್ತು, ತುಕ್ಕು ಹಿಡಿದು ಕಲ್ಲಾಗಿತ್ತು. ಬಾಗಿಲು ತೆಗೆಯೋಕೆ ಯಾರನ್ನ ಕರೀತಾರೆ? ನಮ್ಮೆಜಮಾನ್ರನ್ನೇ ಕರೆದ್ರು.

ಬೆಳಿಗ್ಗೆ ಎಂಟಕ್ಕೆ ಹೋದೋರು ಹನ್ನೊಂದಕ್ಕೆಲ್ಲ ಮನೆಗೆ ಬಂದ್ರು. ಮುಖ ಸುಣ್ಣ. ನೀರು ಕೊಟ್ಟೆ, ಕುಡೀಲಿಲ್ಲ. "ಅಗುಳಿ ಹೊರಗಿತ್ತು ಕಣೇ," ಅಂದ್ರು.

ನನಗೆ ಅರ್ಥ ಆಗಲಿಲ್ಲ. ನಿಮಗೆ ಆಯ್ತಾ? ತೋಳು ಗಾತ್ರದ ಕಬ್ಬಿಣದ ಅಗುಳಿ, ಬಾಗಿಲ ಹೊರಮೈಗೆ ಅಡ್ಡ ಬಿದ್ದು, ಎರಡೂ ಕೊಂಡಿಗೆ ಸರಿಯಾಗಿ ಕೂತಿತ್ತು. ಶೆಲ್ಲು ಬಿದ್ರೆ ಅಗುಳಿ ತಾನಾಗೇ ಕೂರುತ್ತಾ? ಅದನ್ನ ಸುತ್ತಿಗೆಯಿಂದ ಹೊಡೆದು ಎತ್ತಿ, ಬಾಗಿಲು ಎಳೆದಾಗ, ಒಳಗಿಂದ ಅದಕ್ಕೆ ಒರಗಿದ್ದ ಮೂಳೆಗಳೆಲ್ಲ ಇವರ ಕಾಲ ಮೇಲೆ ಬಿದ್ವಂತೆ. ಒಂಬತ್ತೂ ಜನ ಬಾಗಿಲ ಹತ್ರಾನೇ ರಾಶಿ ಬಿದ್ದಿದ್ರು. ಒಬ್ಬರ ಮೇಲೊಬ್ಬರು... ಫಿರಂಗಿ ಹತ್ರ ಒಬ್ಬನೂ ಇರಲಿಲ್ಲ. ಗೋಡೆ ಪೂರ್ತಿ ಮಸಿ. ಶತ್ರುಗಳು ಫಿರಂಗಿಯ ಕಿಂಡಿಯಿಂದ ಬೆಂಕಿ ಉಗುಳೋ ಪೈಪು ಬಿಟ್ಟಿದ್ರು. ಬಾಗಿಲ ಒಳಮೈಯಲ್ಲಿ ಉಗುರಿನ ಗೀರು, ಸನಿಕೆಯ ಏಟು, ಒಂದು ಕಡೆ ಬೆರಳಿನ ಮೂಳೆ ಸಂದಿಗೆ ಸಿಕ್ಕಿಕೊಂಡೇ ಇತ್ತು. ಆ ರಾಶೀಲಿ ಒಂದು ತಲೆಬುರುಡೆಗೆ ಮುಂದಿನ ಎರಡು ಹಲ್ಲಿನ ನಡುವೆ ದೊಡ್ಡ ಸಂದಿ. ಅಣ್ಣ ಆ ಸಂದೀಲೇ ಶಿಳ್ಳೆ ಹಾಕೋದು ಕಲಿಸಿದ್ದ ಇವರಿಗೆ.

ಇವರು ನೆಟ್ಟಗೆ ಸಾಹೇಬನ ಮನೆಗೆ ಹೋದ್ರು. ನಾನೂ ಹೆದರಿ ಹಿಂದೆಯೇ ಓಡಿದೆ, ಗೇಟಿನ ಹತ್ರ ನಿಂತು ಕಿವಿಯಾರೆ ಕೇಳಿದ್ದೀನಿ.

"ಸಾಹೇಬ್ರೇ, ಅಗುಳಿ ಹೊರಗಿತ್ತು."

ಅವನು ಕುರ್ಚಿಯಿಂದ ಏಳಲೂ ಇಲ್ಲ. "ಗುಂಡು ಮುಗಿದಿತ್ತು. ಬಿಳಿ ಬಟ್ಟೆ ತೋರಿಸಿ ಶರಣಾಗ್ತೀವಿ ಅಂದ್ರು ಹುಡುಗರು. ನನ್ನ ಬಂಕರಿಂದ ಯಾವನೂ ಕೈ ಎತ್ತಿಕೊಂಡು ಹೊರಗೆ ಬರಬಾರದು, ಅಷ್ಟೇ. ಅಗುಳಿ ಹಾಕಿ ದೋಣಿ ಹತ್ತಿದೆ. ಮುಂದಿನ ವಾರ ಉದ್ಘಾಟನೆ ಇದೆ. ಬಾಗಿಲಿಗೆ ಎಣ್ಣೆ ಹಾಕು, ಕಿರ್ ಅನ್ನಬಾರದು."

ಹುಡುಗರನ್ನ ಒಳಗೆ ಹಾಕಿ ತಾನು ಮಾತ್ರ ಓಡಿಹೋಗಿದ್ದ ಕಣ್ರಪ್ಪಾ! ಇವರು ಕೈ ಮುಷ್ಟಿ ಕಟ್ಟಿದ್ದು ಕಂಡೆ. ಹೊಡೀತಾರೆ ಅಂದುಕೊಂಡೆ. ಹೊಡೀಲಿಲ್ಲ. ಮ್ಯೂಸಿಯಂ ಅಧಿಕಾರಿಗೆ ಹೇಳಿದ್ರು, ಪೊಲೀಸರಿಗೆ ಹೇಳಿದ್ರು. ಎಲ್ಲರದೂ ಒಂದೇ ಮಾತು, ಸತ್ತವರು ಸತ್ರು, ಇರೋ ಒಬ್ಬನ ಮಾನ ಯಾಕೆ ತೆಗೀತೀಯಪ್ಪಾ ಅಂತ. ಮೂಳೆಗಳನ್ನ ಒಂದೇ ಪೆಟ್ಟಿಗೆಗೆ ತುಂಬಿ ಹೂತ್ರು. ಇವರು ಬಾಗಿಲಿಗೆ ಎಣ್ಣೆ ಹಾಕಿದ್ರು. ಬಡವನ ಕೋಪ ದವಡೆಗೆ ಮೂಲ ಅಂತಾರಲ್ಲ, ಹಂಗೆ ಹಲ್ಲು ಕಚ್ಚಿಕೊಂಡು.

ಉದ್ಘಾಟನೆ ಹಾಡಹಗಲು, ಹತ್ತೂವರೆ ಗಂಟೆಗೆ. ಬ್ಯಾಂಡು, ಶಾಲೆ ಮಕ್ಕಳು, ಮಂತ್ರಿಗಳು. ಸಾಹೇಬ ಬಿಳೀ ಹೂವಿನ ಚಕ್ರ ಹಿಡಿದು ಒಬ್ಬನೇ ಒಳಗೆ ಹೋಗಿ ಫಿರಂಗಿಯ ಮುಂದೆ ಇಡಬೇಕು, ಫೋಟೋದವನು ಆಚೆ ಕಡೆಯ ಕಿಂಡಿಯಿಂದ ತೆಗೀಬೇಕು. ಇವರು ಬಾಗಿಲ ಪಕ್ಕ ನಿಂತಿದ್ರು, ನಾನು ಹತ್ತು ಹೆಜ್ಜೆ ದೂರ. ಸಾಹೇಬ ಒಳಗೆ ಹೋದ. ಬಾಗಿಲು... ಕಿರ್ ಅನ್ನಲಿಲ್ಲ. ಎಣ್ಣೆ ಹಾಕಿದ್ರಲ್ಲ, ಸದ್ದಿಲ್ಲದೆ ಮುಚ್ಚಿಕೊಳ್ತು. ಗೋಡೆಗೆ ಒರಗಿಸಿದ್ದ ಅಗುಳಿ, ಯಾರೋ ಎರಡು ಕೈಯಲ್ಲಿ ಎತ್ತಿದಂಗೆ ಎದ್ದು, ಅಡ್ಡಲಾಗಿ ಕೂತುಬಿಡ್ತು. ನನ್ನ ಈ ಎರಡು ಕಣ್ಣಿಂದ ನೋಡಿದ್ದು.

ಮೊದಲು ಸಾಹೇಬ ಬೈದ. ಯಾವನೋ ಅದು, ತೆಗೆಯೋ ಅಂದ. ಆಮೇಲೆ ಒಂದು ಸದ್ದು... ಮಾಂಸ ಉಕ್ಕಿಗೆ ಬಡಿಯೋ ಸದ್ದು. ಮತ್ತೆ ಒಂದು. ಮತ್ತೆ ಒಂದು. ಯಾರೋ ಅವನನ್ನ ಎತ್ತೆತ್ತಿ ಬಾಗಿಲಿಗೆ ಅಪ್ಪಳಿಸ್ತಿದ್ರು. ಫೋಟೋದವನು ಕಿಂಡೀಲಿ ಇಣುಕಿ, ಕ್ಯಾಮೆರಾ ಬಿಸಾಕಿ, "ಒಳಗೆ ಯಾರೂ ಇಲ್ಲ, ಯಾರೂ ಇಲ್ಲ," ಅಂತ ಕಿರುಚುತ್ತ ಓಡಿದ. ಬ್ಯಾಂಡು ನಿಂತುಹೋಯ್ತು. ಆ ನಿಶ್ಶಬ್ದದಲ್ಲಿ ಸಾಹೇಬನ ದನಿ ಎಲ್ಲರಿಗೂ ಕೇಳಿಸ್ತು. "ನಾನೇ ಹಾಕಿದ್ದು! ಅಗುಳಿ ನಾನೇ ಹಾಕಿದ್ದು! ತಪ್ಪಾಯ್ತು, ಬಿಡ್ರೋ!" ಆಮೇಲೆ ಕಿಂಡಿಯಿಂದ ಹೊಗೆ ಬಂತು. ಕೂದಲು ಸುಟ್ಟ ವಾಸನೆ.

"ತೆಗೆಯಯ್ಯಾ!" ಅಂತ ಮಂತ್ರಿ ಕೂಗಿದ್ರು. ಇವರು ಅಗುಳಿಗೆ ಕೈ ಹಾಕಿದ್ರು. ಎಳೆದ್ರು, ಜಗ್ಗಿದ್ರು, ಬೆವತು ಹೋದ್ರು. ನಾಲ್ಕು ಜನ ಪೊಲೀಸರು ಸಹಾಯಕ್ಕೆ ಬಂದ್ರೆ, ದೂರ ಇರಿ, ಕೊಂಡಿ ಮುರಿಯುತ್ತೆ ಅಂದ್ರು. ಹದಿನೈದು ನಿಮಿಷ ಆಯ್ತು. ಒಳಗಿನ ಸದ್ದು ಪೂರ್ತಿ ನಿಂತಮೇಲೆ ಅಗುಳಿ ಬಂತು.

ಸಾಹೇಬನ ಹತ್ತೂ ಬೆರಳು ಮುರಿದಿದ್ವು. ಉಗುರು ಒಂದೂ ಇರಲಿಲ್ಲ, ಬಾಗಿಲಿಗೆ ಅಂಟಿದ್ವು. ಮುಖ ಸೀದು ಕರಕಲು, ಪದಕ ಎದೆಯೊಳಗೆ ಕರಗಿ ಇಳಿದಿತ್ತು. ಬಿಳೀ ಹೂವಿನ ಚಕ್ರ ಮಾತ್ರ ಕಾಲ ಹತ್ರ ಬಿದ್ದಿತ್ತು. ಒಂದು ಎಸಳೂ ಬಾಡಿರಲಿಲ್ಲ.

ಮನೆಗೆ ಬಂದು ಇವರು ನನ್ನ ಮುಂದೆ ಕೂತ್ರು. "ಅಗುಳಿ ಬಿಗಿಯಾಗಿರಲಿಲ್ಲ ಕಣೇ," ಅಂದ್ರು. "ಹತ್ತಿ ಇದ್ದಂಗಿತ್ತು. ಒಂದು ಬೆರಳಲ್ಲಿ ಎತ್ತಬಹುದಿತ್ತು. ಎತ್ತಬೇಕು ಅಂತಾನೇ ಹೋದೆ. ಆಗ ಒಳಗಿಂದ ಅಣ್ಣ ಮಾತಾಡಿದ. 'ಪುಟ್ಟಾ, ಸ್ವಲ್ಪ ತಡಿ' ಅಂದ. ತಡೆದೆ."

ನಾನು ಏನು ಹೇಳಲಿ, ಹೇಳಿ? ತಪ್ಪು ಅನ್ನಲೋ, ಸರಿ ಅನ್ನಲೋ? ಅವರ ತಲೆ ನನ್ನ ಮಡಿಲಿಗೆ ಹಾಕಿಕೊಂಡೆ, ಅಷ್ಟೇ. ಆಮೇಲೆ ಹನ್ನೆರಡು ವರ್ಷ ಬದುಕಿದ್ರು. ಬೀಗದ ಕೆಲಸ ಮುಟ್ಟಲಿಲ್ಲ. ಮನೇಲಿ ಒಂದು ಬಾಗಿಲು ಮುಚ್ಚೋಕೆ ಬಿಡಲಿಲ್ಲ, ಚಳಿಗಾಲದಲ್ಲೂ. ಕಳ್ಳರೂ ಬರಲಿಲ್ಲ ಬಿಡಿ, ಕದಿಯೋಕೆ ಏನಿತ್ತು...

ಅಜ್ಜಿ ಮಾತು ನಿಲ್ಲಿಸಿ ದೀಪದ ಬತ್ತಿ ಸರಿಮಾಡಿದಳು. ಮೇಷ್ಟ್ರು, "ಸರಿ ಅಜ್ಜೀ, ಸೇಡು ತೀರಿತಲ್ಲ. ಅಲ್ಲಿಗೆ ಮುಗೀತು," ಅಂದರು.

ಮುಗೀತು ಅಂತಾನೇ ನಾನೂ ಅಂದುಕೊಂಡಿದ್ದೆ ಮೇಷ್ಟ್ರೇ. ಬಾಗಿಲು ಹಂಗೇ ಬಿಟ್ಟು, ಅಗುಳಿ ಮಾತ್ರ ತಂದು ಈ ಮ್ಯೂಸಿಯಂ ಒಳಗೆ ಗಾಜಿನ ಪೆಟ್ಟಿಗೆಗೆ ಹಾಕಿದ್ರು. ಪೆಟ್ಟಿಗೆಯ ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತೆ. ಆದ್ರೂ ಇಷ್ಟು ವರ್ಷದಲ್ಲಿ ಎರಡು ಸಲ ಆ ಪೆಟ್ಟಿಗೆ ಖಾಲಿ ಆಗಿದೆ. ಎರಡು ಸಲವೂ ಅವತ್ತು ಬಂದ ಪ್ರವಾಸಿಗಳಲ್ಲಿ ಒಬ್ಬರು ವಾಪಸ್ ಬಸ್ಸು ಹತ್ತಲಿಲ್ಲ. ಒಬ್ಬ, ಮುಳುಗೋ ದೋಣೀಲಿ ಜನರನ್ನ ಬಿಟ್ಟು ಈಜಿ ಬಂದೋನು. ಇನ್ನೊಬ್ಬಳು ಯಾರನ್ನ ಎಲ್ಲಿ ಕೂಡಿಹಾಕಿ ಬಂದಿದ್ದಳೋ, ಯಾರಿಗೂ ಗೊತ್ತಾಗಲಿಲ್ಲ. ಬಂಕರಿನ ಆ ಒಂಬತ್ತು ಜನಕ್ಕೆ ಮಾತ್ರ ಗೊತ್ತಾಗಿತ್ತು.

ನಾಳೆ ಮಳೆ ಬಿಟ್ರೆ ನಿಮ್ಮನ್ನ ಬಂಕರಿಗೆ ಕರ್ಕೊಂಡು ಹೋಗೋದು ನನ್ನ ಕೆಲಸ. ಯಾರನ್ನೂ ಒಳಗೆ ಬನ್ನಿ ಅಂತ ಒತ್ತಾಯ ಮಾಡಲ್ಲ. ನಿಮ್ಮ ನಿಮ್ಮ ಎದೆ ನಿಮಗೇ ಗೊತ್ತಿರುತ್ತೆ... ಯಾಕೆ ಹೇಳ್ದೆ ಅಂದ್ರೆ, ಇವತ್ತು ಬೆಳಿಗ್ಗೆ ಗಾಜು ಒರೆಸೋಕೆ ಹೋದೆ. ಪೆಟ್ಟಿಗೆ ಖಾಲಿ ಇತ್ತು. ಈ ಮಳೇಲಿ ಯಾರು ಬರ್ತಾರಪ್ಪಾ ಅಂತ ದಾರಿ ನೋಡ್ತಾ ಕೂತಿದ್ದೆ.

ನೀವು ಬಂದ್ರಿ.