ಅರ್ಧ ಬಿದ್ದ ಲಾಕ್

ಸಾವಿರದ ಒಂಬೈನೂರ ತೊಂಬತ್ತನಾಲ್ಕನೇ ಇಸವಿ, ನವೆಂಬರ್ ಒಂಬತ್ತು, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಬಯಲುಸೀಮೆಯ ಒಂದು ಗೂಡ್ಸ್ ಯಾರ್ಡಿನಲ್ಲಿ ಒಬ್ಬ ಮನುಷ್ಯ ಎರಡು ವ್ಯಾಗನ್‌ಗಳ ನಡುವೆ ಬಗ್ಗಿ ನೋಡುತ್ತಿದ್ದ. ರಾಜನಲ್ಲ, ಶ್ರೀಮಂತನೂ ಅಲ್ಲ. ಪಾಯಿಂಟ್ಸ್‌ಮನ್. ವ್ಯಾಗನ್‌ಗಳನ್ನು ಜೋಡಿಸುವುದು, ಬಿಡಿಸುವುದು ಅವನ ಕೆಲಸ. ಹೆಸರು ದ್ಯಾಮಣ್ಣ. ಸರ್ವಿಸ್ ಇಪ್ಪತ್ತನಾಲ್ಕು ವರ್ಷ.

ಅವನು ಏನು ನೋಡುತ್ತಿದ್ದ? ಅದು ತಿಳಿಯಬೇಕಾದರೆ ನೀವು ಒಂದು ಕೆಲಸ ಮಾಡಬೇಕು. ಎರಡೂ ಕೈಗಳ ಬೆರಳುಗಳನ್ನು ಕೊಕ್ಕೆಯ ಹಾಗೆ ಮಡಚಿ, ಒಂದರೊಳಗೆ ಒಂದು ಸಿಕ್ಕಿಸಿ. ಹಿಂದೆ ಕೂತ ತಾಯಂದಿರೂ ಮಾಡಿ, ನಾಚಿಕೊಳ್ಳಬೇಡಿ. ಈಗ ಎಳೆಯಿರಿ. ಬರುವುದಿಲ್ಲ, ಅಲ್ಲವೇ? ಒಂದು ಕೈಯ ಬೆರಳು ಸಡಿಲ ಬಿಡಿ. ಬಂತು. ವ್ಯಾಗನ್‌ಗಳು ಒಂದಕ್ಕೊಂದು ಹಿಡಿದುಕೊಳ್ಳುವುದು ಹೀಗೆಯೇ. ಒಂದೊಂದು ತುದಿಗೂ ಕಬ್ಬಿಣದ ಒಂದು ಮುಷ್ಟಿ. ಇಂಜಿನ್ ಹಿಂದಿನಿಂದ ನೂಕಿದಾಗ ಎರಡು ಮುಷ್ಟಿಗಳು ಡಿಕ್ಕಿಯಾಗಿ ಒಂದರೊಳಗೊಂದು ಮಡಚಿಕೊಳ್ಳುತ್ತವೆ. ಆದರೆ ಮಡಚಿದ ಬೆರಳು ಮತ್ತೆ ಬಿಚ್ಚಬಾರದಲ್ಲ? ಅದಕ್ಕೆ ಮುಷ್ಟಿಯ ಒಳಗೆ ಇನ್ನೊಂದು ಕಬ್ಬಿಣದ ತುಂಡು ಇದೆ, ಅದೇ ಲಾಕ್. ಅದನ್ನು ಯಾರೂ ಒತ್ತುವುದಿಲ್ಲ. ತನ್ನ ತೂಕಕ್ಕೆ ತಾನೇ ಕೆಳಗೆ ಬೀಳುತ್ತದೆ. ಪೂರ್ತಿ ಬಿದ್ದರೆ ಸಾವಿರಾರು ಟನ್ ಎಳೆಯಬಹುದು. ಅದಿರಿನ ಧೂಳು ಗಟ್ಟಿಯಾಗಿ ಕೂತಿದ್ದರೆ ಅರ್ಧಕ್ಕೆ ನಿಲ್ಲುತ್ತದೆ. ದೂರದಿಂದ ನೋಡಿದವರಿಗೆ ಎರಡೂ ಒಂದೇ. ಬಗ್ಗಿ, ಕೆಳಗಿನ ಸಂದಿನಲ್ಲಿ ಕಣ್ಣಿಟ್ಟವನಿಗೆ ಮಾತ್ರ ವ್ಯತ್ಯಾಸ ಕಾಣುತ್ತದೆ.

ಆ ಯಾರ್ಡಿನಲ್ಲಿ ಒಂದು ಪದ್ಧತಿ ಇತ್ತು. ಜೋಡಿಸಿದವನು ತನ್ನ ಲಾಕನ್ನು ತಾನೇ ನೋಡಿ ಸರಿ ಅನ್ನುವಂತಿಲ್ಲ. ಇನ್ನೊಬ್ಬ ಬಗ್ಗಿ ನೋಡಿ ‘ಬಿತ್ತು’ ಎಂದು ಕೂಗಬೇಕು. ಆಮೇಲೆ ಇಂಜಿನ್ ಒಂದು ಸಲ ಎಳೆದು ಪರೀಕ್ಷೆ ಮಾಡುತ್ತದೆ. ಯಾಕೆ ಈ ಪದ್ಧತಿ? ನಮ್ಮ ಕೆಲಸ ನಮ್ಮ ಕಣ್ಣಿಗೆ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ, ಅದಕ್ಕೆ.

ಆ ದಿನ ಜೋಡಿಸಿದವನು ಯಮನೂರಪ್ಪ. ದ್ಯಾಮಣ್ಣನಿಗಿಂತ ಹನ್ನೊಂದು ವರ್ಷ ಚಿಕ್ಕವನು. ಪಳಗಿದ ಕೆಲಸಗಾರ. ವ್ಯಾಗನ್‌ಗಳ ಯಾವ ಕೂಡಿಕೆ ಹಟ ಹಿಡಿದರೂ ಎಲ್ಲರ ಬಾಯಲ್ಲಿ ಒಂದೇ ಮಾತು, ‘ಯಮನೂರಪ್ಪನ್ನ ಕರೀರಿ.’ ದ್ಯಾಮಣ್ಣ ಪಕ್ಕದಲ್ಲೇ ನಿಂತಿದ್ದರೂ, ‘ಯಮನೂರಪ್ಪನ್ನ ಕರೀರಿ.’ ಇಪ್ಪತ್ತನಾಲ್ಕು ವರ್ಷದ ಸರ್ವಿಸ್ ಪಕ್ಕದಲ್ಲೇ ನಿಂತಿದೆ, ಆದರೂ ಅದೇ ಮಾತು. ನಿಮಗೆ ಇಂಥ ಮಾತು ಕೇಳಿ ಗೊತ್ತಿಲ್ಲವೇ? ಗೊತ್ತಿದೆ.

ಅಂದು ಬೆಳಿಗ್ಗೆ ದ್ಯಾಮಣ್ಣನ ಮನೆಯಲ್ಲಿ ಟ್ರಂಕಿನ ಕೊಂಡಿ ಕೂರುತ್ತಿರಲಿಲ್ಲ. ಅವನು ಗುದ್ದಿ ಗುದ್ದಿ ಬೆವರುತ್ತಿದ್ದ. ಹೆಂಡತಿ ರೊಟ್ಟಿ ಬಡಿಯುತ್ತಲೇ ಹೇಳಿದಳು.

“ಯಮನೂರಪ್ಪನ್ನ ಕರಸ್ರಿ. ಆತನ ಕೈಯಾಗ ಏನೋ ಐತಂತ.”

“ಯಾರಂದ್ರು?”

“ಕ್ವಾರ್ಟರ್ಸಿನಾಗ ಎಲ್ಲಾರೂ ಅಂತಾರ. ಜಮಾದಾರ ಮಾಡ್ತಾರಂತಲ್ಲ ಆತನ್ನ?”

“ಯಾವನ್ನ ಮಾಡ್ತಾರ ಇವತ್ತ ಗೊತ್ತಾಗತೈತಿ. ನೀ ರೊಟ್ಟಿ ಸುಡಬ್ಯಾಡ.”

“ರೊಟ್ಟಿ ಸುಟ್ಟಿಲ್ರಿ. ವಾಸನಿ ಬ್ಯಾರೆ ಕಡಿಂದ ಬರಾಕತ್ತೈತಿ.”

ಅವಳು ನಕ್ಕಳು. ಅವನು ನಗಲಿಲ್ಲ. ರೊಟ್ಟಿಯನ್ನೂ ತಿನ್ನಲಿಲ್ಲ.

ಹೆಂಡತಿ ಹೇಳಿದ್ದು ನಿಜವೇ. ಶಂಟಿಂಗ್ ಜಮಾದಾರನ, ಅಂದರೆ ವ್ಯಾಗನ್ ಜೋಡಿಸುವವರ ಮುಖ್ಯಸ್ಥನ, ಜಾಗ ಖಾಲಿ ಇತ್ತು. ಇಬ್ಬರ ಹೆಸರೂ ಪಟ್ಟಿಯಲ್ಲಿತ್ತು. ಕೆಲಸ ಕಣ್ಣಾರೆ ನೋಡಿ ತೀರ್ಮಾನಿಸಲು ಅಂದು ಇನ್ಸ್‌ಪೆಕ್ಟರ್ ಬಂದಿದ್ದರು. ಹನ್ನೊಂದು ಖಾಲಿ ವ್ಯಾಗನ್‌ಗಳನ್ನು ಜೋಡಿಸಿ, ಏರಿನ ಮೇಲಿರುವ ಅದಿರು ತುಂಬುವ ಜಾಗಕ್ಕೆ ಎಳೆಸಬೇಕು. ಯಮನೂರಪ್ಪ ಜೋಡಿಸಬೇಕು, ದ್ಯಾಮಣ್ಣ ನೋಡಬೇಕು.

ಮೊದಲ ಮೂರು ಕೂಡಿಕೆಯ ಹತ್ತಿರ ದ್ಯಾಮಣ್ಣ ಬಗ್ಗಿದ. ಲಾಕ್ ಪೂರ್ತಿ ಬಿದ್ದಿತ್ತು. ‘ಬಿತ್ತು’ ಅಂದ. ಪ್ರತಿ ಸಲವೂ ಆ ಮಾತು ಅವನ ಗಂಟಲನ್ನು ಗೀರಿಕೊಂಡೇ ಹೊರಬಂತು. ನಾಲ್ಕನೆಯ ಮತ್ತು ಐದನೆಯ ವ್ಯಾಗನ್ ನಡುವೆ ಬಗ್ಗಿದಾಗ ಹತ್ತು ಗಂಟೆ ಇಪ್ಪತ್ತು ನಿಮಿಷ. ಅಲ್ಲಿ ಲಾಕ್ ಅರ್ಧಕ್ಕೆ ನಿಂತಿತ್ತು.

ನೋಡಿ, ಆಗ ಅವನಿಗೆ ಭಯವಾಗಲಿಲ್ಲ. ಸಂತೋಷವಾಯಿತು! ಬೆಳಗಿನಿಂದ ಅಲ್ಲ, ವರ್ಷಗಳಿಂದ ಹುಡುಕುತ್ತಿದ್ದದ್ದು ಸಿಕ್ಕ ಹಾಗೆ ಆಯಿತು. ‘ಬಿದ್ದಿಲ್ಲ’ ಎಂದು ಕೂಗಿದರೆ ಏನಾಗುತ್ತದೆ? ಯಮನೂರಪ್ಪ ಬರುತ್ತಾನೆ, ಲಾಕಿನ ಹಿಡಿಕೆ ಅಲುಗಿಸುತ್ತಾನೆ, ಲಾಕ್ ಬೀಳುತ್ತದೆ, ಮುಗಿಯಿತು. ಇನ್ಸ್‌ಪೆಕ್ಟರ್ ಗಮನಿಸುವುದೂ ಇಲ್ಲ. ಸುಮ್ಮನಿದ್ದರೆ? ಇಂಜಿನ್ ಪರೀಕ್ಷೆಗೆ ಎಳೆದಾಗ ಕೂಡಿಕೆ ಎಲ್ಲರ ಎದುರು ಬಿಚ್ಚಿಕೊಳ್ಳುತ್ತದೆ. ಸಮತಟ್ಟು ಜಾಗ, ಯಾರಿಗೂ ಪೆಟ್ಟಾಗುವುದಿಲ್ಲ. ಒಬ್ಬನ ಮಾನ ಹೋಗುತ್ತದೆ, ಅಷ್ಟೇ. ತನ್ನನ್ನು ಕೇಳಿದರೆ ‘ಬಿದ್ದಂಗ ಕಂಡಿತ್ರಿ’ ಅಂದರಾಯಿತು. ಹೀಗೆ ಲೆಕ್ಕ ಹಾಕಿ ಅವನು ನೆಟ್ಟಗೆ ನಿಂತ. ಗಟ್ಟಿಯಾಗಿ ಕೂಗಿದ.

“ಬಿತ್ತು!”

ಈ ಸಲ ಗಂಟಲು ಗೀರಲಿಲ್ಲ.

ಉಳಿದ ಆರು ಕೂಡಿಕೆಗಳು ಸರಿಯಾಗಿದ್ದವು. ಇಂಜಿನ್ ಪರೀಕ್ಷೆಗೆ ಎಳೆಯಿತು. ದ್ಯಾಮಣ್ಣ ಕಣ್ಣು ಮಿಟುಕಿಸದೆ ನಾಲ್ಕನೆಯದರ ಕಡೆ ನೋಡಿದ. ಕಬ್ಬಿಣ ಕಿರುಗುಟ್ಟಿತು. ಬಿಚ್ಚಲಿಲ್ಲ! ಅರ್ಧ ಬಿದ್ದ ಲಾಕ್ ಸಮತಟ್ಟು ಜಾಗದಲ್ಲಿ ತಡೆದುಕೊಂಡಿತು. ಇನ್ಸ್‌ಪೆಕ್ಟರ್ ತಲೆಯಾಡಿಸಿ, “ಭೇಷ್ ಯಮನೂರಪ್ಪ, ಒಂದೂ ತಪ್ಪಿಲ್ಲ ನೋಡು” ಅಂದರು.

ಬಂಧುಗಳೇ, ಆ ಮನುಷ್ಯನ ಹೊಟ್ಟೆಯೊಳಗೆ ಏನಾಗಿರಬೇಕು! ತಪ್ಪು ಇತ್ತು. ತಾನು ಕಂಡಿದ್ದ. ಆ ತಪ್ಪಿಗೂ ಭೇಷ್ ಸಿಕ್ಕಿತು. ಅದೂ ತನ್ನ ‘ಬಿತ್ತು’ ಎಂಬ ಮಾತಿನ ಬಲದ ಮೇಲೆ ಸಿಕ್ಕಿತು.

ಯಮನೂರಪ್ಪ ಓಡಿಹೋಗಿ ಕೊನೆಯ ವ್ಯಾಗನ್ನಿನ ಮೆಟ್ಟಿಲು ಹತ್ತಿದ. ಮೇಲೆ ಹೋದ ಮೇಲೆ ಕೈಬ್ರೇಕ್ ಬಿಗಿಯುವುದು ಅವನ ಕೆಲಸ. ಇಂಜಿನ್ ಹೊರಟಿತು. ಯಾರ್ಡಿನೊಳಗಿನ ಓಡಾಟ ಎಂದು ಬ್ರೇಕಿನ ಗಾಳಿಕೊಳವೆಗಳನ್ನು ಕೂಡಿಸಿರಲಿಲ್ಲ. ಇದರ ಅರ್ಥ ಏನು? ಏರಿನಲ್ಲಿ ಕೂಡಿಕೆ ಬಿಚ್ಚಿದರೆ ಹಿಂದಿನ ಏಳು ವ್ಯಾಗನ್‌ಗಳನ್ನು ತಡೆಯಲು ಆ ಒಂದು ಕೈಬ್ರೇಕ್ ಸಾಲದು. ಯಮನೂರಪ್ಪನ ಸಮೇತ ಇಳಿಜಾರಿನಲ್ಲಿ ಹಿಂದಕ್ಕೆ ಉರುಳುತ್ತವೆ. ಹಳಿಯ ತುದಿಯಲ್ಲಿರುವುದು ಕಲ್ಲಿನ ಅಡ್ಡಗೋಡೆ.

ದ್ಯಾಮಣ್ಣನಿಗೆ ಇದು ಗೊತ್ತಿತ್ತು. ವ್ಯಾಗನ್‌ಗಳ ಪಕ್ಕದಲ್ಲೇ ನಡೆಯುತ್ತಿದ್ದ. ಈಗ ಕೂಗಬಹುದಿತ್ತು. ಕೂಗಿದರೆ ‘ಮೊದಲು ಬಿತ್ತು ಅಂದವನು ನೀನೇ ಅಲ್ಲವೇ’ ಎಂದು ಕೇಳುತ್ತಾರೆ. ಜಮಾದಾರನ ಜಾಗ ಹೋಗುತ್ತದೆ, ಬಹುಶಃ ಕೆಲಸವೂ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಯಮನೂರಪ್ಪನ ಎದುರು ತಾನು ಸಣ್ಣವನಾಗಬೇಕಾಗುತ್ತದೆ. ನಡೆದ. ಇನ್ನೂ ನಡೆದ. ನಾಲ್ಕನೆಯ ಕೂಡಿಕೆ ಅವನ ಪಕ್ಕದಲ್ಲೇ ಕಿರುಗುಟ್ಟುತ್ತಾ ಸಾಗಿತ್ತು. ಮುಂದೆ ಇಂಜಿನ್ ಏರಿನ ಬುಡ ಮುಟ್ಟುವುದರಲ್ಲಿತ್ತು.

ದ್ಯಾಮಣ್ಣ ಕೆಂಪು ಬಾವುಟ ಬಿಚ್ಚಿ ಓಡಿದ. “ನಿಲ್ಸ್ರೀ! ಬಿದ್ದಿಲ್ರೀ! ನಾಕನೇದ್ದು ಬಿದ್ದಿಲ್ಲ!”

ಡ್ರೈವರ್ ನಿಲ್ಲಿಸಿದ. ಎಲ್ಲರೂ ಓಡಿ ಬಂದರು. ಇನ್ಸ್‌ಪೆಕ್ಟರ್ ಬಗ್ಗಿ ನೋಡಿದರು. ಎದ್ದಾಗ ಅವರ ಮುಖ ಬಿಳುಪೇರಿತ್ತು.

“ಮೊದ್ಲ ಬಿತ್ತು ಅಂದ್ಯಲ್ಲೋ?”

ಇಲ್ಲಿ ಅವನಿಗೆ ಇನ್ನೊಂದು ದಾರಿ ಇತ್ತು. ‘ಆಮೇಲೆ ಸಂಶಯ ಬಂತ್ರಿ’ ಅನ್ನಬಹುದಿತ್ತು. ಬಹುಮಾನವನ್ನೂ ಕೊಡುತ್ತಿದ್ದರೇನೋ! ಅವನು ಹಾಗೆ ಹೇಳಲಿಲ್ಲ.

“ಸುಳ್ಳ ಹೇಳಿದ್ನಿರೀ ಸಾಹೇಬ್ರ. ಆವಾಗನ ನೋಡಿದ್ದೆ.”

ಕೊನೆಯ ವ್ಯಾಗನ್ನಿನಿಂದ ಇಳಿದು ಬಂದ ಯಮನೂರಪ್ಪ ಇದನ್ನು ಕೇಳಿಸಿಕೊಂಡ. “ಯಣ್ಣಾ, ನನ್ನ ಮ್ಯಾಲೆ ಅಷ್ಟು ಸಿಟ್ಟಿತ್ತೇನು ನಿನಗ?”

“ಸಿಟ್ಟಲ್ಲಪಾ. ಸಿಟ್ಟಿದ್ರ ಬೈದು ಬಿಡ್ತಿದ್ದೆ.”

ದ್ಯಾಮಣ್ಣನನ್ನು ಒಂದು ತಿಂಗಳು ಕೆಲಸದಿಂದ ದೂರ ಇಟ್ಟರು. ಯಮನೂರಪ್ಪ ಜಮಾದಾರನಾದ. ದ್ಯಾಮಣ್ಣ ತಿರುಗಿ ಬಂದ ದಿನ, ಅವನನ್ನು ಯಾರ ಜೊತೆ ಹಾಕುವುದು ಎಂದು ಸ್ಟೇಷನ್ ಮಾಸ್ತರರು ಕೇಳಿದರು. ಹೊಸ ಜಮಾದಾರ ಹೇಳಿದ್ದನ್ನು ಕೇಳಿ.

“ನನ್ನ ಲಾಕ್ ನೋಡಾಕ ಆತನ್ನ ಇಡ್ರಿ. ಆತ ನೋಡಿದಷ್ಟು ಬಗ್ಗಿ ನನ್ನ ಕೆಲಸಾನ ಯಾರೂ ನೋಡಂಗಿಲ್ಲ. ಬಾಯಿ ಒಂದು ನೆಟ್ಟಗಿದ್ರ ಸಾಕು.”

“ಇರತೈತೇಳು,” ಅಂದ ದ್ಯಾಮಣ್ಣ. “ಆದ್ರ ನಿನ್ನ ಕಂಡ್ರ ಹೊಟ್ಟಿ ಇನ್ನೂ ಉರೀತೈತಿ.”

“ಉರೀಲಿ ಬಿಡು. ಆ ಬೆಳಕಿನಾಗ ಲಾಕ್ ಚಂದ ಕಾಣ್ತಾವ.”

ನೀವು ನಕ್ಕಿರಿ. ಒಳ್ಳೆಯದು. ಈಗ ಕಥೆಯನ್ನು ನಿಮ್ಮ ಕಡೆ ತಿರುಗಿಸುತ್ತೇನೆ. ಹೊಟ್ಟೆಕಿಚ್ಚು ಬಿಡಿ ಎಂದು ನಾನು ಹೇಳಿದರೆ ನೀವು ಹೂಂ ಅನ್ನುತ್ತೀರಿ, ಮನೆಗೆ ಹೋದ ಮೇಲೆ ಅದು ಅಲ್ಲೇ ಇರುತ್ತದೆ. ಅದಕ್ಕೆ ಹಾಗೆ ಹೇಳುವುದಿಲ್ಲ. ನಾವು ಯಾರನ್ನು ಕಂಡು ಉರಿಯುತ್ತೇವೋ ಅವರ ತಪ್ಪು ನಮಗೆ ಎಲ್ಲರಿಗಿಂತ ಮೊದಲು ಕಾಣುತ್ತದೆ. ಕಂಡದ್ದು ಪಾಪವಲ್ಲ. ಕಂಡು ಏನು ಮಾಡಿದಿರಿ? ನೆಗೆಣ್ಣಿಯ ಅಡುಗೆಯನ್ನು ಅತ್ತೆ ಹೊಗಳುತ್ತಾರೆ. ಅವಳು ಸಾರಿಗೆ ಎರಡನೇ ಸಲ ಉಪ್ಪು ಹಾಕುವುದನ್ನು ನೀವು ನೋಡುತ್ತೀರಿ. ನೋಡಿ, ಒಲೆಯ ಕಡೆ ಬೆನ್ನು ಹಾಕುತ್ತೀರಿ. ಇಲ್ಲವೇ? ಆಫೀಸಿನಲ್ಲಿ ಪಕ್ಕದವನು ತಪ್ಪು ತಾರೀಖು ಹಾಕಿದ ಪತ್ರ ತೋರಿಸಿ ‘ಸರಿ ಇದೆಯೇನ್ರಿ’ ಎಂದು ಕೇಳುತ್ತಾನೆ. ನೀವು ‘ಭೇಷಾಗಿದೆ’ ಅನ್ನುತ್ತೀರಿ. ಉಪ್ಪಿನ ಸಾರು ಬಡಿಸಿದರೆ ಹೆಚ್ಚೆಂದರೆ ಊಟ ಕೆಡುತ್ತದೆ ಎಂದು ನಿಮ್ಮ ಲೆಕ್ಕ. ದ್ಯಾಮಣ್ಣನದೂ ಅಂಥದೇ ಲೆಕ್ಕ. ಅವನು ಅವಮಾನವನ್ನಷ್ಟೇ ಬಯಸಿದ್ದ. ಎಲ್ಲಿ ಬಿಚ್ಚಬೇಕು ಎಂದು ಲಾಕ್ ಅವನನ್ನು ಕೇಳಲಿಲ್ಲ.

ನಾಳೆ ಬೆಳಿಗ್ಗೆಯಿಂದ ಇಷ್ಟು ಮಾಡಿ. ನಿಮ್ಮ ಹೊಟ್ಟೆ ಉರಿಸುವ ಆ ಒಬ್ಬರ ತಪ್ಪು ಕಣ್ಣಿಗೆ ಬಿದ್ದ ಕೂಡಲೇ, ಅವರಿಗೇ, ಅವರ ಎದುರಿಗೇ, ಇನ್ನೂ ಸರಿಪಡಿಸಲು ಸಮಯ ಇರುವಾಗಲೇ ಹೇಳಿ. ಉರಿಯುತ್ತಲೇ ಹೇಳಿ, ಚಿಂತೆಯಿಲ್ಲ. ಆಮೇಲೆ ಹೇಳುತ್ತೇನೆ ಎಂದು ಹೊರಟರೆ ಒಬ್ಬ ಮನುಷ್ಯ, ಕೆಟ್ಟವನಲ್ಲದ ಮನುಷ್ಯ, ಎಷ್ಟು ದೂರ ಸುಮ್ಮನೆ ನಡೆದುಬಿಡುತ್ತಾನೆ ಗೊತ್ತೇ? ರೈಲು ಹೊರಟಾಗ ದ್ಯಾಮಣ್ಣ ನಿಂತಿದ್ದ ಜಾಗದಿಂದ ಅವನು ಕೆಂಪು ಬಾವುಟ ಬಿಚ್ಚಿದ ಜಾಗದವರೆಗೆ ಇನ್ಸ್‌ಪೆಕ್ಟರ್ ಅಂದೇ ಟೇಪು ಹಿಡಿಸಿ ಅಳೆಸಿದರು. ನೂರ ಎಂಬತ್ತಾರು ಮೀಟರ್.