ಕೆಂಪು ವಾಟರ್ ಸ್ಕೂಟರ್ ಓಡಿಸಿದ್ದು ನಾನಲ್ಲ

ಹೆಸರು: ಸೋಲ್ವೈ ಹಾಲ್‌ಗ್ರೆನ್
ವಯಸ್ಸು: 56 ವರ್ಷ
ಉದ್ಯೋಗ: ಪ್ರಾಥಮಿಕ ಶಾಲೆಯಲ್ಲಿ ಅಡುಗೆ ಕೆಲಸ
ವಿಳಾಸ: ನಂ. 14, ಬ್ರುಕ್ಸ್‌ಗಾಟನ್, ಸ್ಟೆನ್‌ವಿಕೆನ್, ವೇನರ್ನ್ ಸರೋವರದ ದಂಡೆ, ಸ್ವೀಡನ್

ನಾನು ಮೇಲ್ಕಂಡ ವಿಳಾಸದಲ್ಲಿ ನನ್ನ ಗಂಡ ಕೆಂಟ್ ಹಾಲ್‌ಗ್ರೆನ್ (59 ವರ್ಷ, ಬಸ್ ಚಾಲಕ) ಜೊತೆ ಇಪ್ಪತ್ತೊಂಬತ್ತು ವರ್ಷಗಳಿಂದ ವಾಸವಾಗಿದ್ದು, ಈ ಎರಡನೇ ಹೇಳಿಕೆಯ ಮೂಲಕ ತಿಳಿಸುವುದೇನೆಂದರೆ, ದಿನಾಂಕ 12-07-2025ರ ಶನಿವಾರ ಇದೇ ಅಪಘಾತದ ಬಗ್ಗೆ ನಾನು ಕೊಟ್ಟ ಮೊದಲನೇ ಹೇಳಿಕೆ ಸುಳ್ಳು. ಮಾಯ್‌ಬ್ರಿಟ್ ಸುಂಡೇನ್ (78 ವರ್ಷ) ಅವರಿಗೆ ಡಿಕ್ಕಿ ಹೊಡೆದ ಕೆಂಪು ವಾಟರ್ ಸ್ಕೂಟರನ್ನು ನಾನು ಓಡಿಸಲಿಲ್ಲ. ಓಡಿಸಿದವನು ನನ್ನ ಗಂಡ. ನಾನು ಹಿಂದಿನ ಸೀಟಿನಲ್ಲಿದ್ದೆ. ಬೈಗುಳ ಬಿಟ್ಟು ನಡೆದದ್ದನ್ನಷ್ಟೇ ಹೇಳಬೇಕೆಂದು ಅಧಿಕಾರಿಯವರು ಸೂಚಿಸಿದ್ದಾರೆ. ಪ್ರಯತ್ನಿಸುತ್ತೇನೆ.

ನೀರಿನ ಮೇಲೆ ಬೈಕಿನಂತೆ ಕೂತು ಓಡಿಸುವ ವಾಟರ್ ಸ್ಕೂಟರ್ ಬೇಕೆಂದು ಆಸೆಪಟ್ಟವಳು ನಾನೇ. ದಿನಕ್ಕೆ ನಾನೂರ ಹತ್ತು ಮಕ್ಕಳಿಗೆ ಬೇಯಿಸಿ, ತಟ್ಟೆಗಳ ಸದ್ದನ್ನು ಕಿವಿಯಲ್ಲಿ ತುಂಬಿಕೊಂಡು ಮನೆಗೆ ಬರುವವಳಿಗೆ ಸಂಜೆ ಅರ್ಧ ಗಂಟೆ ನೀರಿನ ಮೇಲೆ ಒಬ್ಬಳೇ ಇರಬೇಕೆನಿಸಿತ್ತು. ಇದನ್ನು ಓಡಿಸಲು ಪ್ರಮಾಣಪತ್ರ ಬೇಕು. ಏಪ್ರಿಲ್ ತಿಂಗಳಲ್ಲಿ ತರಗತಿಗೆ ಹೋಗಿ, ಪರೀಕ್ಷೆ ಬರೆದು, ನಾನು ಅದನ್ನು ಪಡೆದೆ. ಕೆಂಟ್‌ನನ್ನೂ ಕರೆದಿದ್ದೆ. "ಮೂರು ವರ್ಷದವನಿದ್ದಾಗಿಂದ ದೋಣೀಲಿ ಕೂತವನು ನಾನು. ನಿನ್ನೆ ಮೊನ್ನೆ ಹುಟ್ಟಿದ ಹುಡುಗರ ಹತ್ರ ಹೋಗಿ ನೀರು ಅಂದ್ರೇನು ಅಂತ ಕೇಳ್ಲಾ?" ಎಂದು ಹೇಳಿ ಅವನು ಬರಲಿಲ್ಲ. ಅವನ ಬಳಿ ಪ್ರಮಾಣಪತ್ರ ಇಲ್ಲ. ಈ ವಿಷಯ ಮೊದಲನೇ ಹೇಳಿಕೆಯಲ್ಲಿ ಇಲ್ಲ.

ದಿನಾಂಕ 12-07-2025ರಂದು ಬೆಳಿಗ್ಗೆ 10.05ಕ್ಕೆ ನಾವಿಬ್ಬರೂ ಊರಿನ ದೋಣಿ ಬಂದರಿಗೆ ಹೋದೆವು. ಅಲ್ಲಿ ಯೆಸ್ಪರ್ ಎಂಬ ವ್ಯಾಪಾರಿ ಹೊಸ ಮಾದರಿಗಳನ್ನು ನೀರಿಗಿಳಿಸಿ, ಕೊಳ್ಳುವವರಿಗೆ ಓಡಿಸಿ ನೋಡಲು ಕೊಡುತ್ತಿದ್ದನು. ಬಿಳಿಯದು ಸಣ್ಣದು, ಇಬ್ಬರು ಕೂರುವಂಥದ್ದು. ನೀಲಿಯದು ಮಧ್ಯಮ. ಕೆಂಪಿನದು ಮುನ್ನೂರು ಅಶ್ವಶಕ್ತಿಯದು. ನನ್ನ ಕಾಗದದಲ್ಲಿ ಐದು ಪ್ರಶ್ನೆಗಳಿದ್ದವು: ನೀರಿಗೆ ಬಿದ್ದರೆ ಒಬ್ಬಳೇ ಮತ್ತೆ ಹತ್ತಬಹುದೇ, ಬ್ರೇಕ್ ಎಲ್ಲಿದೆ, ಹಿಂದಕ್ಕೆ ಹೋಗುತ್ತದೆಯೇ, ಸದ್ದು ಎಷ್ಟು, ಕಾಫಿ ಫ್ಲಾಸ್ಕ್ ಇಡಲು ಜಾಗ ಇದೆಯೇ. ಐದನ್ನೂ ನಾನೇ ಕೇಳಿದೆ. ಐದಕ್ಕೂ ಯೆಸ್ಪರ್ ಕೆಂಟ್‌ನ ಮುಖ ನೋಡಿ ಉತ್ತರಿಸಿದನು. ಬ್ರೇಕ್ ಎಡಗೈ ಬೆರಳಿನ ಹಿಡಿಯಲ್ಲಿದೆ ಎಂದು ಅವನು ಹೇಳುವಾಗ ಕೆಂಟ್ ಕೆಂಪು ಯಂತ್ರದ ಸೀಟು ಸವರುತ್ತಿದ್ದನು. ಉತ್ತರ ಕೇಳಿಸಿಕೊಂಡವಳು ನಾನೊಬ್ಬಳೇ.

10.40ಕ್ಕೆ ನಾನು ಬಿಳಿಯದನ್ನು ಓಡಿಸಿದೆ. ದಡದಿಂದ ಸುಮಾರು ಇನ್ನೂರು ಮೀಟರ್ ದೂರದಲ್ಲಿ ಬೇಕೆಂದೇ ಮೂರು ಸಲ ನೀರಿಗೆ ಬಿದ್ದು ಮೂರು ಸಲವೂ ಹತ್ತಿದೆ. ತರಗತಿಯಲ್ಲಿ ಹಾಗೆ ಪರೀಕ್ಷಿಸಿಯೇ ಕೊಳ್ಳಬೇಕೆಂದು ಹೇಳಿಕೊಟ್ಟಿದ್ದರು. ದಡದಲ್ಲಿ ಕೆಂಟ್ ಸರದಿಯಲ್ಲಿದ್ದ ಎಲ್ಲರಿಗೂ ಕೇಳಿಸುವಂತೆ, "ನೋಡ್ರಪ್ಪಾ, ಜನ ಓಡ್ಸೋಕೆ ಗಾಡಿ ಕೊಳ್ತಾರೆ, ನನ್ನ ಹೆಂಡ್ತಿ ಬೀಳೋಕೆ ಕೊಳ್ತಾಳೆ!" ಎಂದನು. ಎಲ್ಲರೂ ನಕ್ಕರು. ನಾನೂ ನಕ್ಕೆ. ಬಿಳಿಯದೇ ನನಗೆ ಸಾಕು ಎಂದು ನಾನು ಹೇಳಿದಾಗ ಯೆಸ್ಪರ್ ಕೆಂಟ್‌ಗೆ, "ನಿಮ್ಮ ಮೈಕಟ್ಟಿಗೆ ಅದು ಸ್ನಾನದ ಟಬ್ಬಿನ ಬಾತುಕೋಳಿ ಇದ್ದ ಹಾಗೆ. ಕೆಂಪು ಒಂದ್ಸಲ ನೋಡಿ, ಆಮೇಲೆ ಹೇಳಿ," ಎಂದನು. ಕೆಂಟ್‌ನ ತೂಕ ನೂರ ಎಂಟು ಕಿಲೋ. ಹೊಗಳಿ ಗಾಳಿ ಊದಿದರೆ ಅವನು ಇನ್ನೂ ಉಬ್ಬುತ್ತಾನೆ.

11.45ಕ್ಕೆ ಯೆಸ್ಪರ್ ಫಾರಂನಲ್ಲಿ ನನ್ನ ಪ್ರಮಾಣಪತ್ರದ ಸಂಖ್ಯೆ ಬರೆದು, ಲೈಫ್ ಜಾಕೆಟ್ ಮತ್ತು ಕೀಲಿಯನ್ನು ಕೆಂಟ್‌ಗೆ ಕೊಟ್ಟನು. ಓಡಿಸುವವರ ಬಳಿಯೇ ಪ್ರಮಾಣಪತ್ರ ಇರಬೇಕು ಎಂದು ನಾನು ಹೇಳಿದೆ. "ನೀವು ಹಿಂದೇನೇ ಕೂತಿರ್ತೀರಲ್ಲ, ನಿಮ್ಮ ಜೊತೆ ಅದೂ ಕೂತಿರುತ್ತೆ ಬಿಡಿ," ಎಂದು ಯೆಸ್ಪರ್ ಹೇಳಿದನು. "ಒಂದು ಸುತ್ತು ಕಣೇ, ಮುಖ ಊದಿಸ್ಕೋಬೇಡ," ಎಂದು ಕೆಂಟ್ ಹೇಳಿದನು. ನಮ್ಮ ಹಿಂದೆ ಸರದಿಯಲ್ಲಿ ಹನ್ನೊಂದು ಜನ ನಿಂತಿದ್ದರು. ನಮ್ಮೂರಿನವರು, ಸರದಿಯವರ ಎದುರು ಗಂಡ ಹೆಂಡತಿ ದನಿ ಏರಿಸುವುದಕ್ಕಿಂತ ಮುಳುಗುವುದೇ ವಾಸಿ ಎನ್ನುವ ಜನ. ನಾನು ಬಾಯಿ ಮುಚ್ಚಿಕೊಂಡು ಹಿಂದೆ ಹತ್ತಿದೆ. ಅದು ನನ್ನ ತಪ್ಪು. ಅದನ್ನೂ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

11.52ಕ್ಕೆ ಹೊರಟೆವು. ಬಂದರಿನಿಂದ ಸುಮಾರು ಆರುನೂರು ಮೀಟರ್ ದೂರದಲ್ಲಿ ಊರಿನ ಜೆಟ್ಟಿ, ಅಂದರೆ ಈಜುವವರು ನೀರಿಗಿಳಿಯುವ ಮರದ ಕಟ್ಟೆ, ಇದೆ. ಅದರ ಮುಂದೆ ಐವತ್ತು ಮೀಟರಿನಲ್ಲಿ ಹಳದಿ ತೇಲುಗುಂಡುಗಳ ಸಾಲು ಇದೆ. ಸಾಲಿನ ಒಳಗೆ ಯಾವ ಯಂತ್ರವೂ ಬರಕೂಡದು. ಜೆಟ್ಟಿಯ ಮೇಲೆ ಕೆಂಟ್‌ನ ಜೊತೆ ಕೆಲಸ ಮಾಡುವ ರೊಲ್ಲೆ ಎಂಬಾತ ಸಾಸೇಜ್ ತಿನ್ನುತ್ತ ನಿಂತಿದ್ದನು. "ತಡಿ, ಅವನ ಸಾಸೇಜಿಗೆ ಸ್ವಲ್ಪ ಸಾರು ಹಾಕ್ತೀನಿ," ಎಂದು ಹೇಳಿ ಕೆಂಟ್ ಆ ಕಡೆ ತಿರುಗಿಸಿದನು. ಅಂದರೆ ನೀರು ಚಿಮ್ಮಿಸಿ ಅವನನ್ನು ತೋಯಿಸುವುದು. ಐವತ್ತೊಂಬತ್ತು ವರ್ಷದ ಗಂಡಸಿನ ತಮಾಷೆ ಇದು. ಬೇಡ ಎಂದು ನಾನು ಎರಡು ಸಲ ಹೇಳಿದೆ. ಅವನ ಭುಜದ ಮೇಲಿಂದ ನನಗೆ ಕಂಡ ಮೀಟರಿನಲ್ಲಿ ಅರವತ್ತನಾಲ್ಕು ಕಿಲೋಮೀಟರ್ ವೇಗ ಇತ್ತು. ತೇಲುಗುಂಡುಗಳ ಸಾಲನ್ನು ದಾಟಿದೆವು.

ಆಗ ಮುಂದೆ ಸುಮಾರು ಇಪ್ಪತ್ತೈದು ಮೀಟರಿನಲ್ಲಿ ಬಿಳಿ ರಬ್ಬರ್ ಟೋಪಿ ಕಾಣಿಸಿತು. ಅದು ಮಾಯ್‌ಬ್ರಿಟ್ ಅವರು. ತಲೆ ನಮ್ಮ ಕಡೆ ಮಾಡಿ ಅಂಗಾತ ಈಜುತ್ತಿದ್ದುದರಿಂದ ಅವರಿಗೆ ನಾವು ಕಾಣಲಿಲ್ಲ. ಕೆಂಟ್ ಗಾಬರಿಯಾಗಿ ಆಕ್ಸಿಲರೇಟರ್ ಬಿಟ್ಟನು. ತರಗತಿಯ ಮೊದಲ ದಿನವೇ ಹೇಳಿಕೊಡುವುದು ಇದನ್ನು: ಈ ಯಂತ್ರ ತಿರುಗುವುದು ಹಿಂದಿನಿಂದ ಚಿಮ್ಮುವ ನೀರಿನ ಬಲದಿಂದ. ಆಕ್ಸಿಲರೇಟರ್ ಬಿಟ್ಟರೆ ಹ್ಯಾಂಡಲನ್ನು ಎಷ್ಟು ತಿರುಗಿಸಿದರೂ ಅದು ನೆಟ್ಟಗೇ ಹೋಗುತ್ತದೆ. "ಬಿಡಬೇಡ! ಆಕ್ಸಿಲರೇಟರ್ ಕೊಟ್ಟು ತಿರುಗಿಸು! ಎಡಗೈ, ಎಡಗೈ ಬ್ರೇಕು!" ಎಂದು ನಾನು ಕಿರುಚಿದೆ. ಅವನು ಎರಡೂ ಮಾಡಲಿಲ್ಲ. ಯಂತ್ರದ ಬಲಪಕ್ಕೆ ಅವರಿಗೆ ಬಡಿಯಿತು. ಸಮಯ 11.56. ಗಾಬರಿಯಲ್ಲಿ ಆಕ್ಸಿಲರೇಟರ್ ಬಿಟ್ಟೆ ಎಂದು ಮೊದಲನೇ ಹೇಳಿಕೆಯಲ್ಲಿ ನಾನು ಹೇಳಿದ್ದೇನೆ. ತರಗತಿಯಲ್ಲಿ ಕಲಿತವರು ಹಾಗೆ ಬಿಡುವುದಿಲ್ಲ.

ನಾನು ನೀರಿಗೆ ಹಾರಿ ಅವರ ಗಲ್ಲವನ್ನು ಎತ್ತಿ ಹಿಡಿದೆ. ಅವರಿಗೆ ಎಚ್ಚರವಿತ್ತು. ಬಲಗೈ ಇರಬಾರದ ಕಡೆ ತೇಲುತ್ತಿತ್ತು. ರೊಲ್ಲೆ ಹಾರಿ ಬಂದು ಸಹಾಯ ಮಾಡಿದನು. ಇಬ್ಬರೂ ಸೇರಿ ಅವರನ್ನು ಹದಿನೈದು ಮೀಟರ್ ಎಳೆದು ಜೆಟ್ಟಿಗೆ ತಂದೆವು. ಅಷ್ಟು ಹೊತ್ತೂ ಕೆಂಟ್ ಯಂತ್ರದ ಮೇಲೆ ಕುಳಿತೇ ಇದ್ದನು. ಆಮೇಲೆ ನಿಧಾನವಾಗಿ ಜೆಟ್ಟಿಗೆ ಬಂದು ಕಟ್ಟಿದನು. ಓಡಿಸುವವರು ಬಿದ್ದರೆ ಎಂಜಿನ್ ತಾನಾಗಿ ನಿಲ್ಲಲೆಂದು ಅವರ ಮಣಿಕಟ್ಟಿಗೆ ಒಂದು ಕೆಂಪು ಹುರಿ ಕಟ್ಟಿರುತ್ತದೆ. ಕೆಂಟ್ ತನ್ನ ಕೈಯಿಂದ ಅದನ್ನು ಬಿಚ್ಚಿದನು. ನಾನು ಮಾಯ್‌ಬ್ರಿಟ್ ಅವರ ತಲೆಯಡಿಗೆ ಟವೆಲ್ ಇಡುತ್ತಿದ್ದೆ. ಅವನು ಪಕ್ಕದಲ್ಲಿ ಮಂಡಿಯೂರಿ, ಸಮಾಧಾನ ಹೇಳುವವನಂತೆ ನನ್ನ ಕೈ ಹಿಡಿದು, ಆ ಹುರಿಯನ್ನು ನನ್ನ ಮಣಿಕಟ್ಟಿಗೆ ಸಿಕ್ಕಿಸಿದನು. ಕಿವಿಯ ಹತ್ತಿರ, "ನನ್ನ ಲೈಸನ್ಸ್ ಹೋದ್ರೆ ಬಸ್ಸೂ ಹೋಗುತ್ತೆ. ನಿನಗೇನು, ಸೌಟು ಹಿಡಿಯೋಕೆ ಯಾವ ಲೈಸನ್ಸೂ ಬೇಡ," ಎಂದನು. ಅವನ ಬಾಯಿಂದ ಪುದೀನಾ ಗೋಲಿಯ ವಾಸನೆ ಬರುತ್ತಿತ್ತು.

12.20ಕ್ಕೆ ಪೊಲೀಸರು ಬಂದರು. ಹುರಿ ನನ್ನ ಕೈಯಲ್ಲಿತ್ತು, ಫಾರಂನಲ್ಲಿ ನನ್ನ ಸಂಖ್ಯೆ ಇತ್ತು. ಯಾರು ಓಡಿಸುತ್ತಿದ್ದರು ಎಂದು ಕೇಳಿದಾಗ ನಾನೇ ಎಂದೆ. ಕೆಂಟ್ ನನ್ನ ಹೆಗಲ ಮೇಲೆ ಕೈ ಇಟ್ಟುಕೊಂಡಿದ್ದನು. ಯೆಸ್ಪರ್ ಬಂದು, ಕೀಲಿಯನ್ನು ಈ ಮೇಡಂ ಕೈಗೇ ಕೊಟ್ಟಿದ್ದೆ ಎಂದನು. ಅವತ್ತು ಅವನು ನನ್ನ ಮುಖ ನೋಡಿ ಮಾತಾಡಿದ್ದು ಅದೊಂದೇ ಸಲ. ರೊಲ್ಲೆ, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಮುಂದಿನ ಸೀಟಿನಲ್ಲಿ ಯಾರಿದ್ದರೆಂದು ನೋಡಲಿಲ್ಲ ಎಂದನು. ಬಿಸಿಲು ಅವನ ಬೆನ್ನ ಹಿಂದೆ ಇತ್ತು.

ದಿನಾಂಕ 16-07-2025ರ ಬುಧವಾರ ಮಧ್ಯಾಹ್ನ 3.10ಕ್ಕೆ ನಾವಿಬ್ಬರೂ ಆಸ್ಪತ್ರೆಗೆ ಹೋದೆವು. ಮಾಯ್‌ಬ್ರಿಟ್ ಅವರ ಸೊಂಟದ ಮೂಳೆ ಮತ್ತು ಬಲತೋಳು ಮುರಿದಿವೆ. ನಲವತ್ತೊಂದು ಬೇಸಿಗೆ ಅವರು ಅದೇ ಜೆಟ್ಟಿಯಲ್ಲಿ ಊರಿನ ಮಕ್ಕಳಿಗೆ ಈಜು ಕಲಿಸಿದವರು. ಕೆಂಟ್‌ಗೆ ಏಳನೇ ವಯಸ್ಸಿನಲ್ಲಿ ಈಜು ಕಲಿಸಿದವರೂ ಅವರೇ. ಇನ್ನು ಮುಂದೆ ಈಜುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಅವರು ನನ್ನ ಕಡೆ ನೋಡಲಿಲ್ಲ. ಕೆಂಟ್‌ಗೆ ಹೀಗೆ ಹೇಳಿದರು: "ನೀನು ಓಡಿಸಿದ್ರೆ ಹೀಗಾಗ್ತಿರಲಿಲ್ಲ ಕಣೋ. ನಿನಗೆ ನೀರು ಗೊತ್ತು, ನಾನೇ ಕಲಿಸಿದ್ದು. ಇವಳ ಕೈಗೆ ಯಾಕಪ್ಪಾ ಕೊಟ್ಟೆ?" ನಾವು ಕೊಂಡೊಯ್ದಿದ್ದ ಚಾಕೊಲೇಟ್ ಡಬ್ಬಿಯನ್ನು ಬಿಚ್ಚಿದ್ದವನು ಕೆಂಟೇ, ತಿನ್ನುತ್ತಿದ್ದವನೂ ಅವನೇ. ಬಾಯಲ್ಲಿದ್ದುದನ್ನು ನುಂಗಿ, "ಹೌದು ಮಾಯ್‌ಬ್ರಿಟ್, ನಾನು ಕೊಡಬಾರದಿತ್ತು," ಎಂದನು. ಕಣ್ಣಲ್ಲಿ ನೀರೂ ತಂದುಕೊಂಡನು. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಹೇಸಿಗೆಯಾಯಿತು. ಆದರೂ ಅಲ್ಲಿ ಬಾಯಿ ಬಿಡಲಿಲ್ಲ. ಅದಕ್ಕೆ ನನ್ನ ಮೇಲೂ ಹೇಸಿಗೆಯಾಯಿತು.

ದಿನಾಂಕ 18-07-2025ರ ಶುಕ್ರವಾರ ಸಂಜೆ 5.40ಕ್ಕೆ ನಾನು ಆಲೂಗೆಡ್ಡೆ ಬೇಯಲು ಇಟ್ಟಿದ್ದಾಗ ಮನೆಯ ಮುಂದೆ ಹಾರ್ನ್ ಕೇಳಿಸಿತು. ಕೆಂಟ್ ಕಾರಿನ ಹಿಂದೆ ಟ್ರೇಲರ್ ಕಟ್ಟಿಕೊಂಡು ಬಂದಿದ್ದನು. ಅದರ ಮೇಲೆ ಅದೇ ಕೆಂಪು ಯಂತ್ರ ಇತ್ತು. ಪೊಲೀಸರು ಫೋಟೋ ತೆಗೆದು ಅಂಗಡಿಗೆ ಬಿಟ್ಟುಕೊಟ್ಟಿದ್ದನ್ನು ಅವನು ಕೊಂಡು ತಂದಿದ್ದನು. "ಗೀರು ಬಿದ್ದಿದೆ ಅಂತ ಯೆಸ್ಪರ್ ಕಡಿಮೆಗೆ ಬಿಟ್ಟುಕೊಟ್ಟ. ಇಂಥ ಅವಕಾಶ ಮತ್ತೆ ಸಿಗುತ್ತಾ? ನಿನ್ನ ಹೆಸರಿಗೇ ಮಾಡಿಸಿದೀನಿ, ಪ್ರಮಾಣಪತ್ರ ಇರೋದು ನಿನಗೆ ತಾನೇ," ಎಂದನು. ನಾನು ಬಲಪಕ್ಕಕ್ಕೆ ಹೋಗಿ ನೋಡಿದೆ. ಸುಮಾರು ನಲವತ್ತು ಸೆಂಟಿಮೀಟರ್ ಉದ್ದಕ್ಕೆ ಬಿಳಿ ರಬ್ಬರ್ ಉಜ್ಜಿದ ಗುರುತು ಇತ್ತು. ಅದು ಮಾಯ್‌ಬ್ರಿಟ್ ಅವರ ಟೋಪಿಯದು. ಕೆಂಟ್ ಅದರ ಮೇಲೆ ಉಗುರಾಡಿಸಿ, ಪಾಲಿಶ್ ಹಾಕಿದರೆ ಹೋಗುತ್ತದೆ ಎಂದನು. ನಾನು ಒಳಗೆ ಹೋಗಿ ಸಿಂಕಿನಲ್ಲಿ ವಾಂತಿ ಮಾಡಿದೆ. ಅವನು ಆಲೂಗೆಡ್ಡೆಯನ್ನು ಉಪ್ಪುಮೀನಿನ ಜೊತೆ ಪೂರ್ತಿ ತಿಂದನು.

ಶನಿವಾರ ಬೆಳಿಗ್ಗೆ ಅವನು ಪಾಲಿಶ್ ಡಬ್ಬಿ ತಂದನು. ಅವನು ಸ್ನಾನಕ್ಕೆ ಹೋದಾಗ ನಾನು ಅದನ್ನು ಪಕ್ಕದ ಬೀದಿಯ ಕಸದ ತೊಟ್ಟಿಗೆ ಹಾಕಿದೆ. ಡಬ್ಬಿ ಎಲ್ಲಿ ಎಂದು ಕೇಳಿದಾಗ ಗೊತ್ತಿಲ್ಲ ಎಂದೆ. ಭಾನುವಾರ ಅಂಗಡಿ ಮುಚ್ಚಿತ್ತು. ಗುರುತು ಈಗಲೂ ಹಾಗೇ ಇದೆ.

ಇಂದು ದಿನಾಂಕ 21-07-2025ರ ಸೋಮವಾರ ಬೆಳಿಗ್ಗೆ 9.10ಕ್ಕೆ ಕೆಂಟ್ ನನ್ನನ್ನು ಆ ಟ್ರೇಲರ್ ಕಟ್ಟಿದ ಕಾರಿನಲ್ಲಿ ಠಾಣೆಗೆ ಕರೆತಂದನು. ಮೊದಲನೇ ಹೇಳಿಕೆಯ ಪ್ರತಿಗೆ ಒಂದು ಸಹಿ ಬಾಕಿ ಇದೆ, ಹತ್ತು ನಿಮಿಷದ ಕೆಲಸ ಎಂದು ನಾನು ಅವನಿಗೆ ಹೇಳಿದ್ದೆ. ಇಲ್ಲಿಂದ ನೇರ ಸರೋವರಕ್ಕೆ ಹೋಗಿ ಯಂತ್ರವನ್ನು ನೀರಿಗಿಳಿಸುವುದು ಅವನ ಯೋಜನೆ. ಈಗ 10.30 ಆಗಿದೆ. ಹೊರಗೆ ಕಾರಿನಲ್ಲಿ ಕಾಯುತ್ತಿರುವ ಅವನು ಎರಡು ಸಲ ಹಾರ್ನ್ ಹೊಡೆದಿದ್ದಾನೆ. ಅಧಿಕಾರಿಯವರಿಗೂ ಕೇಳಿಸಿದೆ.

ಮೊದಲು ಸುಳ್ಳು ಹೇಳಿದ್ದಕ್ಕೆ ನನ್ನ ಮೇಲೆ ಕ್ರಮ ಕೈಗೊಳ್ಳಬಹುದೆಂದು ಅಧಿಕಾರಿಯವರು ತಿಳಿಸಿದ್ದಾರೆ. ಕೈಗೊಳ್ಳಲಿ. ಮಾಯ್‌ಬ್ರಿಟ್ ಅವರಿಗೆ ನಿಜ ತಿಳಿಸುವವರು ಯಾರು ಎಂದು ಕೇಳಿದೆ. ನೀವೇ ಹೋಗಬಹುದು ಎಂದರು. ಇವತ್ತು ಮಧ್ಯಾಹ್ನವೇ ಹೋಗುತ್ತೇನೆ, ಬಸ್ಸಿನಲ್ಲಿ. ಗಂಡನನ್ನು ನೀವು ಹೋದ ಮೇಲೆ ಒಳಗೆ ಕರೆಯಬೇಕೇ ಎಂದೂ ಅಧಿಕಾರಿಯವರು ಕೇಳಿದರು. ಬೇಡ, ಈಗಲೇ ಕರೆಯಿರಿ, ನಾನು ಇಲ್ಲೇ ಕುಳಿತಿರುತ್ತೇನೆ ಎಂದು ಹೇಳಿದ್ದೇನೆ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಲಾಯಿತು. ನಾನು ಹೇಳಿದ್ದೇ ಇದರಲ್ಲಿದೆ, ಅದು ಸತ್ಯ. ಇದನ್ನು ಹೇಳುವಾಗ ನನ್ನ ಹೆಗಲ ಮೇಲೆ ಯಾರ ಕೈಯೂ ಇರಲಿಲ್ಲ.

ಸ್ಥಳ: ಸ್ಟೆನ್‌ವಿಕೆನ್
ದಿನಾಂಕ: 21-07-2025, ಬೆಳಿಗ್ಗೆ 10.42
ಸಹಿ: ಸೋಲ್ವೈ ಹಾಲ್‌ಗ್ರೆನ್